ಕೆಂಚನ ಸೊಪ್ಪು

ಕೊಪ್ಪ, ಶೃಂಗೇರಿ ಕಡೆಯ ಮನೆಗಳಿಗೆ ಬೆಕ್ಕು ಮುದ್ದಿಗಾಗಿ ಬಂದದ್ದಲ್ಲ. ಅಟ್ಟದ ಮೇಲೆ ಅಡಿಕೆ ಮೂಟೆ, ಕೆಳಗೆ ಭತ್ತ, ಎರಡಕ್ಕೂ ಇಲಿ. ಹಾಗಾಗಿ ಬೆಕ್ಕು. ಮಗಳು ಬೆಂಗಳೂರು ಸೇರಿದ ಮೇಲೆ ಲೆಕ್ಕ ಬದಲಾಯಿತು. ಊರಿಗೆ ಬರುವಾಗ ನನಗೊಂದು ಸೀರೆ ಮರೆತರೂ ನಮ್ಮ ಬೆಕ್ಕು ಕೆಂಚನಿಗೆ ಏನಾದರೂ ಇದ್ದೇ ಇರುತ್ತದೆ. ಹೋದ ಸಲ ತಂದದ್ದು ಬೀಜದ ಪೊಟ್ಟಣ.

“ಅಮ್ಮ, ಇದು ಕ್ಯಾಟ್‌ನಿಪ್. ಇದರ ಸೊಪ್ಪು ಮೂಸಿದ್ರೆ ಕೆಂಚ ಕುಣೀತಾನೆ ನೋಡು.”

“ಕುಣಿಯೋದು ಬೇಡ ಮಾರಾಯ್ತಿ, ಇಲಿ ಹಿಡಿದ್ರೆ ಸಾಕು.”

ಆದರೂ ಕುತೂಹಲಕ್ಕೆ ಕೆದಕಿ ನೋಡಿದೆ. ಕ್ಯಾಟ್‌ನಿಪ್ ಅಂದರೆ ನೆಪೆಟಾ ಕಟೇರಿಯಾ. ತುಳಸಿ, ಪುದೀನ, ದೊಡ್ಡಪತ್ರೆಗಳ ಬಳಗದ್ದೇ ಗಿಡ. ಯುರೋಪಿನಿಂದ ಮಧ್ಯ ಏಷ್ಯಾದವರೆಗೆ ಅದರ ತವರು. ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ನೆಪೆಟಲ್ಯಾಕ್ಟೋನ್ ಎಂಬ ಎಣ್ಣೆಯಂಶ ಇರುತ್ತದೆ. ಎಲೆ ಜಜ್ಜಿದರೆ ಅದು ಗಾಳಿಗೆ ಬರುತ್ತದೆ. ಬೆಕ್ಕು ಅದನ್ನು ಹಿಡಿಯುವುದು ಮೂಗಿನಿಂದ, ನಾಲಿಗೆಯಿಂದಲ್ಲ. ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ನೆಲದ ಮೇಲೆ ಹೊರಳಿ, ಹತ್ತು ಹದಿನೈದು ನಿಮಿಷದಲ್ಲಿ ಏನೂ ಆಗದವರಂತೆ ಎದ್ದು ಹೋಗುತ್ತದೆ. ಆಮೇಲೆ ಸ್ವಲ್ಪ ಹೊತ್ತು ಅದೇ ಸೊಪ್ಪನ್ನು ಮೂಗಿಗೆ ಹಿಡಿದರೂ ತಿರುಗಿ ನೋಡದು. ಚಟವಂತೂ ಹತ್ತುವುದಿಲ್ಲ. ಆದರೆ ಈ ಮರುಳು ವಂಶದಿಂದ ಬರುವ ಗುಣ. ಸುಮಾರು ಮೂರರಲ್ಲೊಂದು ಬೆಕ್ಕಿಗೆ ಇದು ಬರೀ ಸೊಪ್ಪು. ಮರಿಗಳಿಗೂ ಮೊದಲ ಕೆಲವು ತಿಂಗಳು ತಿಳಿಯುವುದಿಲ್ಲ. ಸಿಂಹ, ಚಿರತೆಗಳೂ ಇದಕ್ಕೆ ಮರುಳಾಗುವುದುಂಟು. ನಮ್ಮ ಕಡೆ ಚಿರತೆ ಅಂಗಳಕ್ಕೆ ಬರುವುದು ನಾಯಿಗಾಗಿ, ಆದ್ದರಿಂದ ಗಿಡ ನೆಡಲು ಹೆದರಬೇಕಿಲ್ಲ.

ಯಾಕೆ ಹೀಗೆ ಹೊರಳುತ್ತವೆ? ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಉತ್ತರ ಕೊಟ್ಟರು. ಅಲ್ಲಿ ‘ಮತತಾಬಿ’ ಎಂಬ ಬಳ್ಳಿ ಬೆಕ್ಕಿಗೆ ಇದೇ ಅಮಲು ತರುತ್ತದೆ. ಅದನ್ನು ಉಜ್ಜಿಕೊಂಡ ಬೆಕ್ಕಿನ ಮೈಮೇಲೆ ಸೊಳ್ಳೆ ಕೂರುವುದು ಕಡಿಮೆಯಾಯಿತಂತೆ. ಸುಖವೂ ಆಯಿತು, ಸೊಳ್ಳೆಯೂ ಹೋಯಿತು. ಕೇಳಿದ ಕೂಡಲೇ ನಮ್ಮವರಿಗೆ ಮಂಗನ ಕಾಯಿಲೆ ಹರಡುವ ಉಣುಗು ನೆನಪಾಗುತ್ತದೆ. ಆದರೆ ಆ ಪ್ರಯೋಗ ನಡೆದದ್ದು ಸೊಳ್ಳೆಯ ಮೇಲೆ. ಕಾಡಿಗೆ ಹೋಗುವಾಗ ಈ ಸೊಪ್ಪನ್ನು ನಂಬಿಕೊಳ್ಳಬೇಡಿ.

ಗಿಡ ಬೆಳೆಸುವುದು ಕಷ್ಟವಲ್ಲ, ನಮ್ಮ ಮಳೆಗಾಲ ಕಷ್ಟ. ಕ್ಯಾಟ್‌ನಿಪ್‌ಗೆ ಬಿಸಿಲು ಬೇಕು, ನೀರು ಬಸಿದು ಹೋಗುವ ಮಣ್ಣು ಬೇಕು. ಶೃಂಗೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಎನ್.ಆರ್.ಪುರದ ಭದ್ರಾ ಹಿನ್ನೀರಿನ ಕಡೆಗೆ ಹೋದಂತೆ ಮಳೆ ಇಳಿಮುಖ. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲಿ ಎಂದೂ ಹರಕೆ ಹೇಳುತ್ತಾರೆ, ನಿಲ್ಲಲಿ ಎಂದೂ ಹೇಳುತ್ತಾರೆ. ಕ್ಯಾಟ್‌ನಿಪ್ ಬೆಳೆಯುವವರು ಎರಡನೆಯದನ್ನು ಹೇಳಿಕೊಳ್ಳಬೇಕು. ಆಷಾಢದಲ್ಲಿ ಅಂಗಳದಲ್ಲಿ ಬಿಟ್ಟರೆ ಬುಡ ಕೊಳೆಯುವುದು ಖಂಡಿತ.

ಹಾಗಾಗಿ ದೀಪಾವಳಿ ಕಳೆದು ಮೋಡ ಚದುರಿದ ಮೇಲೆ ಬಿತ್ತಬೇಕು. ಕೆಳಗೆ ತೂತಿರುವ ಮಣ್ಣಿನ ಕುಂಡ. ಒಂದು ಪಾಲು ಮರಳು, ಒಂದು ಪಾಲು ಮಣ್ಣು, ಸ್ವಲ್ಪ ಹಳೆಯ ಕೊಟ್ಟಿಗೆ ಗೊಬ್ಬರ. ನಮ್ಮ ಮಣ್ಣಿನಲ್ಲಿ ಹುಳಿ ಜಾಸ್ತಿ. ತೋಟಕ್ಕೆ ಸುಣ್ಣ ಹಾಕುವವರಿಗೆ ಇದನ್ನು ಹೇಳಬೇಕಿಲ್ಲ, ಕುಂಡಕ್ಕೂ ಒಂದು ಚಿಟಿಕೆ ಸಾಕು. ಬೀಜ ಬಹಳ ಸಣ್ಣದು, ಮೇಲೆ ಮಣ್ಣು ಉದುರಿಸಿದಷ್ಟೇ ಇರಲಿ. ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಗೇಣುದ್ದ ಆದಾಗ ತುದಿ ಚಿವುಟಿದರೆ ಗಿಡ ಕವಲೊಡೆದು ದಟ್ಟವಾಗುತ್ತದೆ. ಕುಂಡ ಬದಲಿಸುವ ದಿನ ಮಾತ್ರ ಎಚ್ಚರ. ಕೈ ತಾಗಿ ಎಲೆ ನಲುಗಿದರೆ ವಾಸನೆ ಏಳುತ್ತದೆ, ಬೆಕ್ಕು ಬಂದು ಎಳೆಗಿಡದ ಮೇಲೆಯೇ ಮಲಗುತ್ತದೆ. ಹಳೆಯ ಬುಟ್ಟಿಯೊಂದನ್ನು ಕವುಚಿ ಹಾಕಿ, ಇಲ್ಲವೇ ಸೂರಿನಿಂದ ನೇತುಹಾಕಿ. ಹೂ ಬರುವ ಹೊತ್ತಿಗೆ ಎಲೆಯಲ್ಲಿ ಘಾಟು ಹೆಚ್ಚು. ಆಗ ಕೊಯ್ದು ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಮಳೆ ಹಿಡಿಯುವ ಮೊದಲೇ ನಾಲ್ಕು ತುಂಡು ಕಡ್ಡಿ ನೀರಲ್ಲಿಟ್ಟರೆ ಬೇರು ಬಿಡುತ್ತದೆ. ಅವನ್ನು ಜಗಲಿಯ ಅಂಚಿನಲ್ಲಿ ಕಾಪಾಡಿದರೆ ಮುಂದಿನ ವರ್ಷಕ್ಕೆ ಬೀಜ ತರಿಸುವ ಗೋಜಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಕುಪ್ಪಿಗಿಡ ಇದೆ. ಗೋಡೆಯ ಬುಡ, ಕಸದ ಗುಡ್ಡೆ, ಚರಂಡಿ ಅಂಚು, ಎಲ್ಲೆಂದರಲ್ಲಿ ಏಳುವ ಕಳೆ. ಎಲೆಗೆ ಗರಗಸದ ಅಂಚು, ಉದ್ದ ತೊಟ್ಟು, ತೆನೆಯಲ್ಲಿ ಬಟ್ಟಲಿನಾಕಾರದ ಹಸಿರು ಪುಟ್ಟ ಎಲೆಗಳು. ಎನ್.ಆರ್.ಪುರದ ನಾದಿನಿ ಮನೆಯಲ್ಲಿ ಹಿತ್ತಲಿನ ಕಳೆ ಕೀಳುತ್ತಿದ್ದಾಗ ಅವಳು ಒಂದನ್ನು ಬುಡಸಮೇತ ಎಳೆದು ಮಣ್ಣು ಕೊಡವಿದಳು. “ನೋಡಿ ಅತ್ತಿಗೆ, ಈಗ ಬರ್ತಾನೆ ಕಳ್ಳ.” ಅಲ್ಲಿವರೆಗೆ ಆ ಗಿಡದ ಪಕ್ಕವೇ ಮಲಗಿದ್ದ ಬೆಕ್ಕು ಎದ್ದು ಬಂತು. ಬೇರಿಗೆ ಗಲ್ಲ ತಿಕ್ಕಿತು, ಮುಂಗಾಲಿನಲ್ಲಿ ಅಪ್ಪಿಕೊಂಡು ಮಗುಚಿ ಬಿತ್ತು, ಹಿಂಗಾಲಿನಲ್ಲಿ ಒದೆಯತೊಡಗಿತು. ಗುಟ್ಟು ಇರುವುದು ಬೇರಿನಲ್ಲಿ. ಕೀಳದ ಹೊರತು ಬೆಕ್ಕಿಗೆ ತಿಳಿಯದು. ತಮಿಳು, ಮಲಯಾಳದವರೂ ಈ ಗಿಡಕ್ಕೂ ಬೆಕ್ಕಿಗೂ ಇರುವ ನಂಟನ್ನು ಬಲ್ಲರು.

ನನ್ನ ಕೇಳಿದರೆ ಮಲೆನಾಡಿನ ಬೆಕ್ಕಿಗೆ ಕುಪ್ಪಿಗಿಡವೇ ಸೈ. ಬೀಜಕ್ಕೆ ದುಡ್ಡಿಲ್ಲ, ಆರೈಕೆ ಇಲ್ಲ. ಒಂದೇ ಷರತ್ತು: ಮೂಸಲಿ, ಉಜ್ಜಲಿ, ಅಗಿದು ನುಂಗಲು ಬಿಡಬೇಡಿ. ಈ ಗಿಡದಲ್ಲಿ ಅಕಲಿಫಿನ್ ಎಂಬ, ಸಯನೈಡ್ ಬಿಡುವ ಅಂಶವಿದೆ. ಆಟ ಮುಗಿದ ಕೂಡಲೇ ಬೇರನ್ನು ಎತ್ತಿ ದೂರ ಎಸೆಯಿರಿ. ಕ್ಯಾಟ್‌ನಿಪ್ ಕೂಡ ಹೊಟ್ಟೆ ತುಂಬ ತಿಂದರೆ ವಾಂತಿ ಭೇದಿ ತಪ್ಪದು. ಗಬ್ಬದ ಬೆಕ್ಕಿನಿಂದ ಎರಡನ್ನೂ ದೂರವಿಡಿ. ವಾರಕ್ಕೊಮ್ಮೆ, ಅಡಿಕೆ ಅಟ್ಟದ ಕೆಲಸ ಮುಗಿಸಿ ಬಂದ ಬೆಕ್ಕಿಗೆ ಅಷ್ಟು ಧಾರಾಳವಾಯಿತು.