ಒಂದೇ ಕೇಬಲ್ಲಿನಲ್ಲಿ ಚಿತ್ರವೂ ಕರೆಂಟೂ: ಕೊಟ್ಟಿಗೆಯ ಕ್ಯಾಮೆರಾಕ್ಕೆ ಕ್ಷೇಮದ ದಾರಿ



ಪಂಪ್‌ಸೆಟ್ಟಿನ ಕೇಬಲ್ ಕಳವು, ತೋಟದಂಚಿನಲ್ಲಿ ಚಿರತೆಯ ಹೆಜ್ಜೆ, ರಾತ್ರಿ ಕರು ಹಾಕುವ ಹಸುವಿನ ಕಾವಲು – ಇಂಥ ಕಾರಣಗಳಿಗಾಗಿ ಮೈಸೂರಿನ ಆಸುಪಾಸಿನ ರೈತರು ಈಗ ಕ್ಯಾಮೆರಾ ಹಾಕಿಸುತ್ತಿದ್ದಾರೆ. ಮೈಸೂರಿಗೆ ಹೋಗಿ ಕ್ಯಾಮೆರಾ ತರುವುದು ಸುಲಭ. ಅದಕ್ಕೆ ಕರೆಂಟು ಕೊಡುವಲ್ಲಿಯೇ ತೊಡಕು. 230 ವೋಲ್ಟಿನ ವೈರನ್ನು ಮರದಿಂದ ಮರಕ್ಕೆ ಎಳೆದು, ಜಾಯಿಂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿರುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಗಂಜಲದಿಂದ ಒದ್ದೆಯಾದ ನೆಲದ ಮೇಲೆ ನಿಂತ ಹಸುವಿಗೆ ಆ ವೈರು ತಗುಲಿದರೆ ಗತಿಯೇನು?

ಇದಕ್ಕೊಂದು ಉತ್ತಮ ಉಪಾಯವಿದೆ. ಚಿತ್ರ ತರುವ ಇಂಟರ್‌ನೆಟ್ ಕೇಬಲ್ಲಿನಲ್ಲಿಯೇ ಕ್ಯಾಮೆರಾಕ್ಕೆ ಕರೆಂಟನ್ನೂ ಕಳಿಸಬಹುದು. ಅಂಗಡಿಯವರು ಇದನ್ನು ‘ಪಿ.ಓ.ಇ.’ ಎನ್ನುತ್ತಾರೆ.

ಹಳೆಯ ಫೋನಿನ ಪಾಠ

ಮನೆಯಲ್ಲಿ ತಂತಿಯ ಫೋನು ಇದ್ದವರು ನೆನಪು ಮಾಡಿಕೊಳ್ಳಿ. ಊರಿಗೆಲ್ಲ ಕರೆಂಟು ಹೋದರೂ ಫೋನು ಬಾರಿಸುತ್ತಿತ್ತು. ಏಕೆಂದರೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟಿನ ವಿದ್ಯುತ್ತು, ಮಾತು ಬರುವ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಪಿ.ಓ.ಇ. ವಿಧಾನದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ವೋಲ್ಟೇಜು.

12 ವೋಲ್ಟ್ ಏಕಾಗದು ಎಂದು ನೀವು ಕೇಳಬಹುದು. ಲೈನಿನ ಕೊನೆಯ ಪಂಪಿಗೆ ವೋಲ್ಟೇಜು ಸೊರಗುವುದನ್ನು ನೀವೇ ಬಲ್ಲಿರಿ. ಅಷ್ಟೇ ಶಕ್ತಿಯನ್ನು ನಾಲ್ಕು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ತಂತಿಯಲ್ಲಾಗುವ ನಷ್ಟ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಸಾಗಿಸಿದಾಗಲೂ ವೋಲ್ಟೇಜನ್ನು ಬಹಳ ಏರಿಸಿಯೇ ಕಳಿಸಿದ್ದು ಇದೇ ಕಾರಣಕ್ಕೆ.

ಎಷ್ಟು ಶಕ್ತಿ ಸಿಗುತ್ತದೆ?

2003ರಲ್ಲಿ ಗೊತ್ತುಪಡಿಸಿದ ಅಳತೆಯಂತೆ ಸ್ವಿಚ್ಚಿನಿಂದ 15.4 ವ್ಯಾಟ್ ಹೊರಡುತ್ತದೆ. ಕೊನೆಗೆ ತಲಪುವುದು ಸುಮಾರು 13 ವ್ಯಾಟ್. 2009ರಲ್ಲಿ ಇದನ್ನು 30 ವ್ಯಾಟಿಗೂ, 2018ರಲ್ಲಿ 90 ವ್ಯಾಟಿನವರೆಗೂ ಏರಿಸಿದರು. ಸಾಮಾನ್ಯ ಕ್ಯಾಮೆರಾಕ್ಕೆ ಮೊದಲನೆಯದೇ ಸಾಕು. ಇದರಿಂದ ಮೋಟಾರು ಓಡಿಸುವ ಆಸೆ ಬೇಡ.

ಗಮನದಲ್ಲಿಡಬೇಕಾದ ಅಂಶಗಳು

1. ಕೇಬಲ್ಲಿನ ಉದ್ದ 100 ಮೀಟರು ಮೀರಬಾರದು. ಕೊಳ್ಳುವ ಮೊದಲೇ ಹಗ್ಗ ಹಿಡಿದು ಅಳೆಯಿರಿ.

2. ಅಪ್ಪಟ ತಾಮ್ರದ ಕೇಬಲ್ಲನ್ನೇ ಕೇಳಿ. ಅಗ್ಗದ ಮಾಲಿನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವಷ್ಟೇ ಇರುತ್ತದೆ; ಅದು ಹೆಚ್ಚು ಕಾಯುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬೇಡ.

3. ನಿಯಮಬದ್ಧ ಸ್ವಿಚ್ಚು ಎದುರಿನ ಸಲಕರಣೆ ತನಗೆ ಹೊಂದುವುದೇ ಎಂದು ಪರೀಕ್ಷಿಸಿದ ಮೇಲೆಯೇ ಕರೆಂಟು ಬಿಡುತ್ತದೆ. ‘ಪ್ಯಾಸಿವ್’ ಎಂಬ ಅಗ್ಗದ ಡಬ್ಬಿಗಳು ಕೇಳದೆಯೇ ಬಿಡುತ್ತವೆ. ವೋಲ್ಟೇಜು ಹೊಂದದಿದ್ದರೆ ಕ್ಯಾಮೆರಾ ಸುಟ್ಟೀತು.

4. ಎಲ್ಲ ಕ್ಯಾಮೆರಾಗಳ ವ್ಯಾಟನ್ನು ಕೂಡಿಸಿ, ಸ್ವಿಚ್ಚು ಅಷ್ಟನ್ನು ತಾಳುವುದೇ ಎಂದು ನೋಡಿ.

5. ಹೊರಾಂಗಣಕ್ಕೆಂದೇ ಮಾಡಿದ ಕೇಬಲ್ಲನ್ನು ಪೈಪಿನಲ್ಲಿ ಎಳೆಯಿರಿ, ಇಲಿಕಾಟವೂ ತಪ್ಪುತ್ತದೆ. ಪಂಪಿನ ತ್ರೀಫೇಸ್ ವೈರಿನೊಂದಿಗೆ ಒಂದೇ ಪೈಪಿನಲ್ಲಿ ಹಾಕಲೇಬೇಡಿ.

6. ಸಿಡಿಲಿನ ಭಯ ಮರೆಯಬೇಡಿ. ಮನೆಯ ಕಡೆಗೂ ಕೊಟ್ಟಿಗೆಯ ಕಡೆಗೂ ಸಿಡಿಲು ರಕ್ಷಕ ಹಾಕಿಸಿ, ಸರಿಯಾಗಿ ಅರ್ತಿಂಗ್ ಮಾಡಿಸಿ. ಮುಂಗಾರಿಗೆ ಮುಂಚೆ ಬರುವ ಗುಡುಗು ಮಳೆಯಲ್ಲಿ ಇದರ ಬೆಲೆ ತಿಳಿಯುತ್ತದೆ.

ಸ್ವಿಚ್ಚನ್ನೂ, ಚಿತ್ರ ಉಳಿಸಿಕೊಳ್ಳುವ ರೆಕಾರ್ಡರನ್ನೂ ಮನೆಯ ಇನ್‌ವರ್ಟರಿಗೆ ಸೇರಿಸಿಬಿಡಿ. ಆಗ ರಾತ್ರಿ ಕರೆಂಟು ಹೋದಾಗಲೂ, ಕಳ್ಳನಿಗೆ ಅನುಕೂಲವಾದ ಆ ಕತ್ತಲಲ್ಲಿಯೇ, ಕ್ಯಾಮೆರಾ ಎಚ್ಚರವಾಗಿರುತ್ತದೆ. 230 ವೋಲ್ಟು ಮನೆಯೊಳಗೇ ಉಳಿಯುತ್ತದೆ. ಕೊಟ್ಟಿಗೆಗೆ ಹೋಗುವುದು ಬೇಕಾದಷ್ಟು ಮಾತ್ರ. ನಾಲ್ಕು ಕಾಸು ಹೆಚ್ಚಾದರೂ ಬಲ್ಲವರಿಂದಲೇ ಕೆಲಸ ಮಾಡಿಸಿ. ಹಸುವಿನ ಕಾವಲಿಗೆಂದು ಎಳೆದ ತಂತಿ ಹಸುವಿಗೇ ಉರುಳಾಗಬಾರದು.