ಕಳೆದ ಉಂಗುರ ಹುಡುಕುವ ಮುನ್ನ

ತೋಟದಲ್ಲಿ ಉಂಗುರ ಕಳೆದರೆ ಮೊದಲ ಅನುಮಾನ ಬೀಳೋದು ಕೂಲಿಯವರ ಮೇಲೆ. ಗುಬ್ಬಿ ಸೀಮೆಯ ನಮ್ಮ ಅಡಿಕೆ ತೋಟದಲ್ಲೂ ಹಾಗೇ ಆಯ್ತು. ಗೊಬ್ಬರ ಹರಡಿ ಕೈ ತೊಳೆಯುವಾಗ ನಮ್ಮ ಮನೆಯವರ ಬೆರಳು ಬರಿದಾಗಿತ್ತು. ಜೊತೆಗೆ ದುಡಿದ ಹೆಂಗಸು ಅಂದು ಊಟ ಮಾಡದೇ ಹೋದಳು.

ಮಾರನೇ ದಿನ ತುಮಕೂರಿನ ಪರಿಚಯದ ಹುಡುಗನೊಬ್ಬ ಮೆಟಲ್ ಡಿಟೆಕ್ಟರ್ ತಂದ. ಇದರ ಗುಟ್ಟು ಸರಳ. ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ಏಳುತ್ತೆ. ಅದರಡಿ ಲೋಹ ಬಂದರೆ ಅದರಲ್ಲೂ ಸಣ್ಣ ಪ್ರವಾಹ ಹುಟ್ಟಿ ಯಂತ್ರ ಕೂಗುತ್ತೆ. ಉಂಗುರ ಗೇಣುದ್ದಕ್ಕಿಂತ ಆಳಕ್ಕಿಳಿದರೆ ಸುಳಿವು ಸಿಗೋದು ಕಷ್ಟ. ಮೊಳೆ, ತಂತಿಚೂರು, ಬಾಟಲಿ ಮುಚ್ಚಳಕ್ಕೂ ಅದು ಕೂಗುತ್ತೆ.

ನಾವು ಕಲಿತದ್ದಿಷ್ಟು. ಕಳೆದ ಜಾಗಕ್ಕೆ ಗೂಟ ನೆಡಿ; ಅಗೆಯಬೇಡಿ, ನೀರು ಬಿಡಬೇಡಿ. ಹಗ್ಗ ಕಟ್ಟಿ ಪಟ್ಟೆಪಟ್ಟೆಯಾಗಿ ಹುಡುಕಿ. ಮೊದಲು ಅಯಸ್ಕಾಂತ ಆಡಿಸಿ ಮೊಳೆಗಳನ್ನು ತೆಗೆಯಿರಿ. ಚಿನ್ನ ಅದಕ್ಕೆ ಅಂಟದು.

ಯಂತ್ರ ಇಲ್ಲವೇ? ಮಣ್ಣನ್ನು ಅಕ್ಕಿಯಂತೆ ನೀರಲ್ಲಿ ಜಾಲಿಸಿ. ಚಿನ್ನ ಕಲ್ಲುಮಣ್ಣಿಗಿಂತ ಬಲು ಭಾರ, ತಳದಲ್ಲೇ ಉಳಿಯುತ್ತೆ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಹಿಂದೆ ಚಿನ್ನ ಹಿಡಿಯುತ್ತಿದ್ದುದೂ ಹೀಗೇ. ಕುಣಿಗಲ್ ಕಡೆಯ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಸಾಕು. ಉಂಗುರ ಅದರ ಕೊಕ್ಕೆಗೆ ಸಿಗದು, ಕೆಸರೆತ್ತಿ ಜಾಲಿಸಲೇಬೇಕು.

ನಮ್ಮದು ಮೂರನೇ ಪಟ್ಟೆಯಲ್ಲಿ, ಗೊಬ್ಬರದಡಿ ನಾಲ್ಕು ಬೆರಳಾಳದಲ್ಲಿ ಸಿಕ್ತು. ಅದನ್ನು ಹಿಡಿದು ನಾವಿಬ್ಬರೂ ಮೊದಲು ಹೋದದ್ದು ಆ ಹೆಂಗಸಿನ ಮನೆಗೆ. ಉಂಗುರ ಹುಡುಕುವುದು ಸುಲಭ. ಆಡಿದ ಮಾತನ್ನು ಹಿಂದಕ್ಕೆ ತರುವ ಯಂತ್ರ ಎಲ್ಲೂ ಇಲ್ಲ.