ಕಡಲಾಚೆಯ ಕಾನೂನು ವ್ಯಾಸಂಗ

ಗಣಿತದ ಸೂತ್ರವು ಎಲ್ಲ ದೇಶಗಳಲ್ಲಿಯೂ ಒಂದೇ. ನೀರು ಕುದಿಯುವುದಕ್ಕೆ ಕಾರಣವಾದ ನಿಯಮವು ಬೆಂಗಳೂರಿನಲ್ಲಿ ಒಂದು, ಲಂಡನ್ನಿನಲ್ಲಿ ಮತ್ತೊಂದು ಎಂಬುದಿಲ್ಲ. ಕಾನೂನಿನ ಸಂಗತಿ ಹಾಗಲ್ಲ. ಒಂದು ದೇಶದ ಕಾನೂನು ಸಾಮಾನ್ಯವಾಗಿ ಆ ದೇಶದ ಗಡಿಯೊಳಗೆ ಆಳುತ್ತದೆ. ಗಡಿ ದಾಟಿದರೆ ಮದುವೆ, ಆಸ್ತಿ, ಅಪರಾಧ, ಶಿಕ್ಷೆಗಳಿಗೆ ಬೇರೆಯೇ ನಿಯಮಗಳಿರುತ್ತವೆ. ಹೀಗಿರುವಾಗ ಕಾನೂನಿನ ವಿದ್ಯಾರ್ಥಿಯು ಪರದೇಶಕ್ಕೆ ಹೋಗಿ ಕಲಿಯಬೇಕಾದುದೇನು? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿದ್ದ ಉತ್ತರ ಒಂದು. ಇಂದಿನ ಉತ್ತರ ಇನ್ನೊಂದು.

ಆ ಕಾಲದಲ್ಲಿ ಭಾರತವನ್ನು ಆಳುತ್ತಿದ್ದವರು ಬ್ರಿಟಿಷರು. ಲಂಡನ್ನಿನಲ್ಲಿ ಪಡೆದ ಬ್ಯಾರಿಸ್ಟರ್ ಪದವಿಗೆ ಇಲ್ಲಿಯ ನ್ಯಾಯಾಲಯಗಳಲ್ಲಿ ವಿಶೇಷ ಮನ್ನಣೆಯಿತ್ತು. ಆದುದರಿಂದ ಅನುಕೂಲವುಳ್ಳ ಕುಟುಂಬಗಳು ತಮ್ಮ ಮಕ್ಕಳನ್ನು ಹಡಗು ಹತ್ತಿಸುತ್ತಿದ್ದವು. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟ ಮೋಹನದಾಸ ಗಾಂಧಿಯವರು ಲಂಡನ್ನಿನ ಇನ್ನರ್ ಟೆಂಪಲ್ ಎಂಬ ಸಂಸ್ಥೆಯನ್ನು ಸೇರಿದರು. ಅಲ್ಲಿ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಸಾಲದು. 12 ಅವಧಿಗಳ ಕಾಲ ಸಂಸ್ಥೆಯ ಭೋಜನಕೂಟಗಳಲ್ಲಿಯೂ ಹಾಜರಿರಬೇಕಾಗಿತ್ತು. ನಾಲ್ವರ ಪಂಕ್ತಿಗೆ ಎರಡು ಸೀಸೆ ದ್ರಾಕ್ಷಾರಸವನ್ನು ಕೊಡುತ್ತಿದ್ದರು. ಗಾಂಧಿಯವರು ಮದ್ಯವನ್ನು ಮುಟ್ಟುತ್ತಿರಲಿಲ್ಲ. ಇದರಿಂದ ಉಳಿದ ಮೂವರಿಗೆ ಹೆಚ್ಚು ಪಾಲು ದೊರೆಯುತ್ತಿದ್ದುದರಿಂದ ಅವರನ್ನು ತಮ್ಮ ಪಂಕ್ತಿಗೆ ಕರೆಯಲು ಪೈಪೋಟಿಯೇ ನಡೆಯುತ್ತಿತ್ತು! 1891ರ ಜೂನಿನಲ್ಲಿ ಅವರು ಬ್ಯಾರಿಸ್ಟರ್ ಆದರು. ಆದರೆ ಭಾರತದ ಕಾನೂನನ್ನು ತಾವು ಅಲ್ಲಿ ಕಲಿಯಲೇ ಇಲ್ಲವೆಂಬ ಅಳುಕು ಅವರನ್ನು ಕಾಡಿತೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಂದಿನ ಪ್ರವಾಸದಿಂದ ದೊರೆಯುತ್ತಿದ್ದುದು ಮುಖ್ಯವಾಗಿ ವೃತ್ತಿ ನಡೆಸುವ ಅಧಿಕಾರ.

ಆ ಅಧಿಕಾರವೂ ಎಲ್ಲರ ಕೈಗೆಟುಕುವಂತಿರಲಿಲ್ಲ. ನಾಸಿಕದಲ್ಲಿ ಹುಟ್ಟಿದ ಕಾರ್ನೀಲಿಯಾ ಸೊರಾಬ್ಜಿ ಅವರು ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರೂ ಹೆಣ್ಣೆಂಬ ಕಾರಣದಿಂದ ಇಂಗ್ಲೆಂಡಿಗೆ ಹೋಗುವ ಸರ್ಕಾರಿ ವಿದ್ಯಾರ್ಥಿವೇತನ ಅವರಿಗೆ ದೊರೆಯಲಿಲ್ಲ. ಇಂಗ್ಲೆಂಡಿನ ಹಿತೈಷಿಗಳು ಹಣ ಕೂಡಿಸಿ ನೆರವಾದುದರಿಂದ ಅವರು 1889ರಲ್ಲಿ ಆಕ್ಸ್‌ಫರ್ಡ್ ಸೇರಿ, 1892ರಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತರು. ಆದರೆ ಅಲ್ಲಿ ಮಹಿಳೆಯರಿಗೆ ಪದವಿ ನೀಡುವ ಪದ್ಧತಿ ಇರಲಿಲ್ಲ. ಪದವಿಯು ಅವರ ಕೈಸೇರಿದುದು ಮೂವತ್ತು ವರ್ಷಗಳ ಅನಂತರ, 1922ರಲ್ಲಿ.

ಡಾ. ಬಿ. ಆರ್. ಅಂಬೇಡ್ಕರ್ ಅವರಿಗೆ ಅಡ್ಡಬಂದುದು ಹಣದ ಕೊರತೆ. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದ್ದ ಅವರು, ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ ಮರುವರ್ಷವೇ ಹಿಂದಿರುಗಬೇಕಾಯಿತು. ಮುಂಬಯಿಯಲ್ಲಿ ಅಧ್ಯಾಪಕರಾಗಿ ದುಡಿದು, ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು. 1922ರಲ್ಲಿ ಬ್ಯಾರಿಸ್ಟರ್ ಆದರು. ಯೋಗ್ಯತೆಯೊಂದಿದ್ದರೆ ಕಡಲು ದಾಟಬಹುದೆಂಬ ಮಾತು ಪೂರ್ಣ ಸತ್ಯವಲ್ಲವೆಂಬುದಕ್ಕೆ ಈ ಇಬ್ಬರ ಬದುಕೇ ಸಾಕ್ಷಿ.

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಬದಲಾಯಿತು. 1961ರ ವಕೀಲರ ಅಧಿನಿಯಮವು ದೇಶಕ್ಕೆಲ್ಲ ಒಂದೇ ವರ್ಗದ ವಕೀಲರನ್ನು ಗೊತ್ತುಪಡಿಸಿತು. ವಕೀಲಿ ವೃತ್ತಿಗೆ ಬೇಕಾದ ಶಿಕ್ಷಣವು ಇಲ್ಲಿಯೇ ದೊರೆಯುವುದರಿಂದ ಅದಕ್ಕಾಗಿ ಲಂಡನ್ನಿಗೆ ಹೋಗಬೇಕಾದ ಅಗತ್ಯವಿಲ್ಲ. ಆದರೂ ವಿದ್ಯಾರ್ಥಿಗಳು ಹೋಗುತ್ತಾರೆ. ಉದ್ದೇಶ ಮಾತ್ರ ಬೇರೆ. ಇಲ್ಲಿ ಪದವಿ ಮುಗಿಸಿದವರು ಆಕ್ಸ್‌ಫರ್ಡ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗ ಮಾಡುತ್ತಾರೆ. ರೋಡ್ಸ್ ವಿದ್ಯಾರ್ಥಿವೇತನದಂತಹ ನೆರವುಗಳು ಇದಕ್ಕೆ ಸಹಾಯಕವಾಗಿವೆ. ಈ ವೇತನವೂ ಬಹುಕಾಲ ಪುರುಷರಿಗೆ ಮೀಸಲಾಗಿತ್ತು. ಮಹಿಳೆಯರಿಗೆ ಅದು ದೊರೆತುದು 1977ರಿಂದ. ನೆದರ್ಲೆಂಡ್ಸ್ ದೇಶದ ಹೇಗ್ ನಗರದಲ್ಲಿ, ಅಂತಾರಾಷ್ಟ್ರೀಯ ನ್ಯಾಯಾಲಯವಿರುವ ಶಾಂತಿಸೌಧದ ಆವರಣದಲ್ಲಿ, ಹೇಗ್ ಅಕಾಡೆಮಿಯು 1923ರಿಂದ ಬೇಸಿಗೆಯ ಪಾಠಕ್ರಮಗಳನ್ನು ಏರ್ಪಡಿಸುತ್ತ ಬಂದಿದೆ. ಕೆಲವೇ ವಾರಗಳ ಆ ಪಾಠಗಳಿಗೆ ಹಲವು ದೇಶಗಳ ವಿದ್ಯಾರ್ಥಿಗಳು ಬಂದು ಸೇರುತ್ತಾರೆ.

ಇನ್ನೂ ಪದವಿ ಮುಗಿಸದ ವಿದ್ಯಾರ್ಥಿಗಳಿಗೆ ಪ್ರವಾಸದ ಅವಕಾಶ ಕಲ್ಪಿಸುವುದು ಅಣಕು ನ್ಯಾಯಾಲಯದ ಸ್ಪರ್ಧೆ. ಇವುಗಳಲ್ಲಿ ಪ್ರಸಿದ್ಧವಾದ ಜೆಸಪ್ ಸ್ಪರ್ಧೆಯು 1960ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಎರಡು ಕಲ್ಪಿತ ರಾಷ್ಟ್ರಗಳ ನಡುವಿನ ವ್ಯಾಜ್ಯವೊಂದನ್ನು ಎಲ್ಲ ತಂಡಗಳಿಗೂ ಕೊಡಲಾಗುತ್ತದೆ. ಪ್ರತಿಯೊಂದು ತಂಡವೂ ಎರಡೂ ಪಕ್ಷಗಳ ಪರವಾಗಿ ಲಿಖಿತ ವಾದವನ್ನು ಸಿದ್ಧಪಡಿಸಬೇಕು. ಒಂದು ಸುತ್ತಿನಲ್ಲಿ ಒಂದು ರಾಷ್ಟ್ರದ ಪರ ವಾದಿಸಿದವರು ಮತ್ತೊಂದು ಸುತ್ತಿನಲ್ಲಿ ಅದರ ಎದುರಾಳಿಯ ಪರ ನಿಲ್ಲಬೇಕು. ಎದುರಾಳಿಯ ಮಾತಿನಲ್ಲಿರುವ ಸತ್ಯವನ್ನು ಕಾಣಲಾರದವನು ಇಲ್ಲಿ ಗೆಲ್ಲಲಾರನು. 1988ರಲ್ಲಿ ತರಗತಿಗಳನ್ನು ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ತಂಡಗಳು 1999 ಮತ್ತು 2013ರಲ್ಲಿ ಈ ಸ್ಪರ್ಧೆಯನ್ನು ಗೆದ್ದುವು.

ಪರದೇಶದಲ್ಲಿ ಕಂಡುದನ್ನು ಸ್ವದೇಶದಲ್ಲಿ ಹೇಗೆ ಬಳಸಬೇಕು? ಇದಕ್ಕೆ ಕನ್ನಡ ನಾಡಿನವರೊಬ್ಬರ ನಿದರ್ಶನವಿದೆ. 1887ರಲ್ಲಿ ಮಂಗಳೂರಿನಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದರು. 1947ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅವರು ವಿದ್ಯಾರ್ಥಿಯಂತೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳಿಗೆ ಹೋಗಿ ಅಲ್ಲಿಯ ನ್ಯಾಯಜ್ಞರೊಡನೆ ಚರ್ಚಿಸಿದರು. ಶಾಸನಸಭೆ ಮಾಡಿದ ಕಾನೂನನ್ನು ತಳ್ಳಿಹಾಕುವ ಅಧಿಕಾರವನ್ನು ನ್ಯಾಯಾಧೀಶರಿಗೆ ಅತಿಯಾಗಿ ಕೊಡಬಾರದೆಂದು ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರು ಅಭಿಪ್ರಾಯಪಟ್ಟರು. ನಮ್ಮ ಸಂವಿಧಾನದ 21ನೆಯ ಅನುಚ್ಛೇದದ ಮಾತುಗಳು ಆ ಎಚ್ಚರಿಕೆಯಿಂದಲೇ ರೂಪುಗೊಂಡವು: ಕಾನೂನು ಗೊತ್ತುಪಡಿಸಿದ ವಿಧಾನದ ಹೊರತು ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ. ರಾವ್ ಅವರು ಮುಂದೆ, 1952ರಲ್ಲಿ, ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಆದರು.

ಆದರೆ ಹೊರಗಿನಿಂದ ಬಂದ ಸಲಹೆಯೇ ಕೊನೆಯ ಮಾತಾಗಲಿಲ್ಲ. ಸರ್ಕಾರವು ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಂಡಾಗ ಆ ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ವಿದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗ. ಅದನ್ನು ತಡೆಯುವ ವಿಧಾನವು ಕಾನೂನಿನಲ್ಲಿದ್ದರೆ ಸಾಲದು, ಅದು ನ್ಯಾಯಸಮ್ಮತವೂ ಆಗಿರಬೇಕು ಎಂದು 1978ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಅದೇ ಅನುಚ್ಛೇದವು ಈ ನೆಲದ ಅನುಭವದಿಂದ ಹೊಸ ಅರ್ಥವನ್ನು ಪಡೆಯಿತು.

ಕಾನೂನಿನ ವಿದ್ಯಾರ್ಥಿಯು ಕಡಲಾಚೆಗೆ ಹೋಗಿ ಕಲಿಯಬೇಕಾದುದು ಇದನ್ನೇ. ಅವನು ತರಬೇಕಾದುದು ಸಿದ್ಧ ಉತ್ತರವನ್ನಲ್ಲ. ತನ್ನ ನಾಡಿನ ನಿಯಮವನ್ನು ಇತರರ ನಿಯಮದ ಪಕ್ಕದಲ್ಲಿಟ್ಟು, ಯಾವುದು ಹೆಚ್ಚು ನ್ಯಾಯವಾದುದೆಂದು ತೂಗಿ ನೋಡುವ ದೃಷ್ಟಿಯನ್ನು.